ಎತ್ತಿಲ್ಲದ ಬಂಡಿಗೆ ಪರವಾನಗಿ

ಸುಜಾತಾ, ನಿನ್ನ ಹೊಸ ಕೆಲಸ ಏನೆಂದು ನಿಮ್ಮವ್ವ ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ. ತಪ್ಪು ತಿಳಿಯಬೇಡ. ಅಕ್ಕಪಕ್ಕದ ನಾಲ್ಕು ದೇಶಗಳು, ಅವುಗಳ ನಡುವೆ ಹಾಯುವ ಒಂದು ವ್ಯಾಪಾರದ ರಸ್ತೆ, ಆ ರಸ್ತೆಯಲ್ಲಿ ಓಡುವ ಲಾರಿಗಳಿಗೆ ನಾಲ್ಕೂ ಕಡೆ ಒಂದೇ ನಿಯಮ ಇರುವ ಹಾಗೆ ಕರಡು ಬರೆಯುವ ಕಚೇರಿ. ಅಲ್ಲಿ ಕುಳಿತು ನೀನು ನನಗೆ ಬರೆದಿದ್ದೀ: "ಮಾಮಾ, ನೀವೂ ಇಂಥಾದ್ದ ಮಾಡೀರಂತಲ್ಲ. ಏನೇನಾತು ಬರದು ಕಳಸ್ರಿ, ಉಪಯೋಗ ಬೀಳ್ತದ."

ಇಂಥದ್ದೇ ಮಾಡಿದ್ದೇನೆ. ದೇಶಗಳಲ್ಲ, ಎರಡು ರಾಜ್ಯಗಳು. ವ್ಯಾಪಾರದ ರಸ್ತೆ ಅಂದರೆ ಸುರಪುರದಿಂದ ಶಹಾಪುರ, ಯಾದಗಿರಿ, ಗುರುಮಠಕಲ್ ದಾಟಿ ಆಗಿನ ಆಂಧ್ರಕ್ಕೆ ಹೋಗುವ ರಸ್ತೆ. ಅರ್ಧ ಡಾಂಬರು, ಉಳಿದರ್ಧ ಡಾಂಬರಿನ ನೆನಪು. ಗಡಿಯಲ್ಲಿ ನಮ್ಮದೊಂದು ತಪಾಸಣೆ ನಾಕಾ, ಅಲ್ಲಿಂದ ನಲವತ್ತು ಹೆಜ್ಜೆ ಆಚೆ ಅವರದೊಂದು. ನಾನು ಯಾದಗಿರಿಯ ಸಾರಿಗೆ ಕಚೇರಿಯ ಗುಮಾಸ್ತ. ವಾರದಲ್ಲಿ ಮೂರು ದಿನ ನಾಕಾದಲ್ಲಿ ಕೂರುವ ಕೆಲಸ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಬಂದವು, ಎರಡೂ ನಾನು ರಜೆಯಲ್ಲಿದ್ದಾಗ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಕಥೆ ಚೆಂದವಾಗುತ್ತ ಬಂದಿದೆ. ನನಗೆ ಅನುಮಾನ ಹುಟ್ಟಿಸುವುದೇ ಆ ಚೆಂದ. ಆದ್ದರಿಂದ ಇಲ್ಲಿ ಕಚೇರಿಯ ಪದ್ಧತಿಯನ್ನೇ ಹಿಡಿಯುತ್ತೇನೆ. ತಪ್ಪು ಬರೆದೆ ಅನ್ನಿಸಿದರೆ ಹೊಡೆದುಹಾಕುವುದಿಲ್ಲ, ಕೆಳಗೆ ತಿದ್ದುಪಡಿ ಸೇರಿಸುತ್ತೇನೆ.

ಕಾಲುವೆಗೆ ನೀರು ಬರುವ ಮೊದಲು ನಮ್ಮ ನಾಕಾದಲ್ಲಿ ಕೆಲಸವೆಂದರೆ ನಿದ್ದೆ. ದಿನಕ್ಕೆ ನಾಲ್ಕೈದು ಲಾರಿ ತೊಗರಿ, ಶೇಂಗಾ. ನಡುವೆ ಒಂದು ಕುರಿ ಹಿಂಡು. ಕುರಿಗಳು ಪರವಾನಗಿ ಕೇಳದೆ ಬಂದು ನಮ್ಮ ಕಾಗದ ತಿಂದು ಹೋಗುತ್ತಿದ್ದವು. ಕಾಲುವೆ ಬಂದಿತು ನೋಡು, ಶಹಾಪುರ ಸುರಪುರದ ಎರೆಹೊಲಗಳು ಭತ್ತದ ಗದ್ದೆಗಳಾದವು. ಭತ್ತ ಆಚೆಯ ಗಿರಣಿಗಳಿಗೆ, ಹುಲ್ಲು ಆಚೆಯ ಎಮ್ಮೆಗಳಿಗೆ. ಗೊಬ್ಬರ, ಟ್ರ್ಯಾಕ್ಟರು, ಮಷೀನು ಈಚೆಗೆ. ಎರಡು ನಾಕಾಗಳ ನಡುವಿನ ನಲವತ್ತು ಹೆಜ್ಜೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ಹಾರ್ನ್ ಹೊಡೆಯತೊಡಗಿದವು. ಯಾಕೆಂದರೆ ಅಲ್ಲಿಯ ನಿಯಮ ಬೇರೆ, ಇಲ್ಲಿಯ ನಿಯಮ ಬೇರೆ.

ಹುಲ್ಲಿನ ಲಾರಿಯನ್ನೇ ತೆಗೆದುಕೋ. ಹೇರಿನ ಎತ್ತರಕ್ಕೆ ಮಿತಿ ಎರಡೂ ಕಡೆ ಇತ್ತು, ಅಂಕಿಯೂ ಒಂದೇ ಇತ್ತು. ಆದರೆ ನಾವು ನೆಲದಿಂದ ಅಳೆಯುತ್ತಿದ್ದೆವು, ಅವರು ಲಾರಿಯ ಹಲಗೆಯಿಂದ ಅಳೆಯುತ್ತಿದ್ದರು. ನಮ್ಮದು ಗಂಟು ಹಾಕಿದ ಹಗ್ಗ, ಅವರದು ಸುಣ್ಣದ ಗೆರೆ ಎಳೆದ ಬಿದಿರು ಕೋಲು. ಆದ್ದರಿಂದ ಡ್ರೈವರುಗಳು ನಮ್ಮ ನಾಕಾಕ್ಕೆ ಗಿಡ್ಡ ಹೇರು ತಂದು, ದಾಟಿದ ಮೇಲೆ ನಲವತ್ತು ಹೆಜ್ಜೆಯಲ್ಲಿ ಎತ್ತಿನ ಬಂಡಿಗಳಿಂದ ಇನ್ನಷ್ಟು ಹುಲ್ಲು ಏರಿಸಿಕೊಂಡು, ಆಚೆ ಎತ್ತರದ ಹೇರಾಗಿ ಹೋಗುತ್ತಿದ್ದರು. ಇದನ್ನು ನಿಲ್ಲಿಸಲು ಎರಡೂ ಕಡೆಯವರು ಕೂತು, ಇನ್ನು ಮುಂದೆ ಡ್ರೈವರನ ತಲೆಯಿಂದ ಅಳೆಯಬೇಕೆಂದು ನಿರ್ಣಯಿಸಿದರು. ಮೂರು ತಿಂಗಳು ಆ ರಸ್ತೆಯಲ್ಲಿ ಎತ್ತರದ ಡ್ರೈವರುಗಳಿಗೆ ಎಲ್ಲಿಲ್ಲದ ಬೇಡಿಕೆ.

ತಿದ್ದುಪಡಿ: "ಡ್ರೈವರನ ತಲೆ" ಎಂಬುದು ನನ್ನ ಸೇರ್ಪಡೆ ಇರಬೇಕು. ನಿರ್ಣಯದಲ್ಲಿ ಬಹುಶಃ ಕ್ಯಾಬಿನ್ನಿನ ನೆತ್ತಿ ಎಂದಿತ್ತು. ಆದರೆ ಒಬ್ಬ ಡ್ರೈವರ್ ಸೀಟಿನ ಮೇಲೆ ನೆಟ್ಟಗೆ ಕೂತು, "ರುಮಾಲು ಲೆಕ್ಕಕ್ಕ ಹಿಡೀತೀರೋ ಇಲ್ಲೋ ಮೊದ್ಲು ಹೇಳ್ರಿ" ಎಂದು ನನ್ನ ಜೊತೆ ಜಗಳಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಕ್ಯಾಬಿನ್ನಿಗೆ ರುಮಾಲು ಇರುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ನನಗೆ ತಿಳಿಯದು.

ಆಗ ನಮ್ಮ ಮೇಲಧಿಕಾರಿ ನಂಜುಂಡಯ್ಯನವರು. ಮೈಸೂರು ಕಡೆಯವರು. ನಮ್ಮ ಬಿಸಿಲಿನಲ್ಲೂ ಅಂಗಿಯ ಕತ್ತಿನ ಗುಂಡಿ ಬಿಚ್ಚದವರು, ಯಾರಿಗೂ ಏಕವಚನ ಬಳಸದವರು, ಯಾರಿಂದಲೂ ಒಂದು ಬೀಡಿ ಸಹ ತೆಗೆದುಕೊಳ್ಳದವರು. ಅವರಿಗೆ ಇದ್ದದ್ದು ಒಂದೇ ಚಟ, ವ್ಯಾಖ್ಯೆ. ಯಾವ ಶಬ್ದ ಕಿವಿಗೆ ಬಿದ್ದರೂ "ವ್ಯಾಖ್ಯೆ ಏನು?" ಅನ್ನುತ್ತಿದ್ದರು. ನಾಕಾದ ಪಕ್ಕದಲ್ಲಿ ಚಹಾ ಅಂಗಡಿ ಇಟ್ಟಿದ್ದ ಮಾನಪ್ಪ ಮೊದಲ ದಿನ ಬಂದು, "ಸಾಹೇಬ್ರ, ಅರ್ಧ ಚಾ ತರ್ಲೇನ್ರಿ?" ಎಂದ.

"ಅರ್ಧ ಅಂದರೆ ಎಷ್ಟು?"

"ಅರ್ಧ ಅಂದ್ರ ಅರ್ಧರಿ."

"ಪೂರ್ತಿ ಲೋಟದ ಅಳತೆ ಗೊತ್ತಿಲ್ಲದೆ ಅರ್ಧ ಹೇಗೆ ಒಪ್ಪಲಿ?"

ಮಾನಪ್ಪ ನನ್ನ ಕಡೆ ತಿರುಗಿ, "ಶರಣಪ್ಪಣ್ಣ, ಇವ್ರಿಗೆ ಎರಡು ಅರ್ಧ ತರ್ತೀನಿ, ಕೂಡ್ಸಿ ನೋಡ್ಲಿ" ಎಂದು ಹೋದ.

ಆಚೆಯ ನಾಕಾದ ಅಧಿಕಾರಿಯನ್ನು ನಾವೆಲ್ಲ ರೆಡ್ಡಿಗಾರು ಅನ್ನುತ್ತಿದ್ದೆವು. ಅವರು ಉಲ್ಟಾ ಮನುಷ್ಯ. ಕಾಗದವನ್ನು ಓದುವ ಮೊದಲೇ ಠಸ್ಸೆ ಒತ್ತುತ್ತಿದ್ದರು. ಇವರಿಬ್ಬರೂ ಕೂತು, ಒಕ್ಕಲುತನಕ್ಕೆ ಸಂಬಂಧಿಸಿದ ವಾಹನಗಳನ್ನು ಎರಡೂ ಕಡೆ ಸುಲಭವಾಗಿ ಬಿಡುವ ಒಪ್ಪಂದ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಒಪ್ಪಂದ ಕನ್ನಡದಲ್ಲೂ ತೆಲುಗಿನಲ್ಲೂ ಇರಬೇಕು. ನನ್ನ ತಾಯಿಯ ತವರು ಗುರುಮಠಕಲ್ ಕಡೆ ಇದ್ದುದರಿಂದ ಎರಡೂ ಭಾಷೆ ಬಲ್ಲ ಗುಮಾಸ್ತ ನಾನೊಬ್ಬನೇ. ನನ್ನ ಜೀವನದ ದೊಡ್ಡ ತಪ್ಪಿಗೆ ಹೀಗೆ ಸಿದ್ಧತೆ ಆಯಿತು.

ಸಭೆ ಯಾದಗಿರಿಯ ಪ್ರವಾಸಿ ಮಂದಿರದಲ್ಲಿ. ಬೆಳಗಿನಿಂದ ಒಂದು ಶಬ್ದಕ್ಕೆ ಒದ್ದಾಟ. ನಂಜುಂಡಯ್ಯನವರು "ಕೃಷ್ಯುಪಯೋಗಿ ವಾಹನ" ಅಂದರು. ರೆಡ್ಡಿಗಾರು ಅದನ್ನು ಉಚ್ಚರಿಸಲು ಮೂರು ಸಲ ಪ್ರಯತ್ನಿಸಿ ನೀರು ಕುಡಿದರು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ರೆಡ್ಡಿಗಾರು ಬಾಯಿ ಚಪ್ಪರಿಸಿ "ಗೋಂಗೂರ ಬಾಳ ಚೆನ್ನಾಗೈತೆ" ಅಂದರು. ಅಡುಗೆಯವಳು "ಗೋಂಗೂರ ಅಲ್ರಿ, ಇದು ಪುಂಡಿ" ಅಂದಳು. ಅದರ ಮೇಲೆ ಮುಕ್ಕಾಲು ಗಂಟೆ ವಾದ. ಸೊಪ್ಪು ಒಂದೇ ಎಂದು ಎರಡೂ ಕಡೆಯವರು ಕೊನೆಗೂ ಒಪ್ಪಲಿಲ್ಲ.

ಊಟದ ಮೇಲೆ ನಾನು ಎದ್ದು ನಿಂತೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. "ಸರ್, ಎರಡೂ ಭಾಷೆಯಲ್ಲಿ ಇರುವ ಶಬ್ದ ಒಂದಿದೆ. ಬಂಡಿ."

ಇಬ್ಬರೂ ಒಟ್ಟಿಗೆ ಮೇಜು ಕುಟ್ಟಿದರು. ಬಂಡಿ! ನಮ್ಮ ಶಬ್ದ! ಮೊದಲ ಸಲ ಎರಡು ಸರ್ಕಾರಗಳು ಒಂದು ಮಾತಿಗೆ ಒಪ್ಪಿದವು. ಚಹಾ ಆರುವ ಮೊದಲೇ ಒಪ್ಪಂದ ತಯಾರಾಯಿತು: ಒಕ್ಕಲುತನಕ್ಕೆ ಬಳಸುವ ಬಂಡಿಗಳು ಪರವಾನಗಿ ಇಲ್ಲದೆ ಗಡಿ ದಾಟಬಹುದು. ರೆಡ್ಡಿಗಾರು ನನ್ನ ಬೆನ್ನು ತಟ್ಟಿದರು. ನಂಜುಂಡಯ್ಯನವರು, ಆ ಇಡೀ ವರ್ಷದಲ್ಲಿ ಆ ಒಂದು ಸಲ, ವ್ಯಾಖ್ಯೆ ಕೇಳಲಿಲ್ಲ.

ಇಲ್ಲೇ ನಿನಗೆ ಉಪಯೋಗ ಬೀಳುವ ಮಾತಿದೆ, ಸುಜಾತಾ. ಶಬ್ದ ಬೇರೆಬೇರೆ ಇದ್ದರೆ ಜನ ಅರ್ಥ ಕೇಳುತ್ತಾರೆ. ಶಬ್ದ ಒಂದೇ ಇದ್ದರೆ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಬಂಡಿ ಅಂದರೆ ಎತ್ತಿನ ಬಂಡಿ. ತೆಲುಗಿನಲ್ಲಿ ಸೈಕಲ್ಲೂ ಬಂಡಿ, ಮೋಟಾರೂ ಬಂಡಿ, ಲಾರಿಯೂ ಬಂಡಿ, ರೈಲೂ ಬಂಡಿ. ಎರಡೂ ಭಾಷೆ ಬಲ್ಲ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಜ್ಜಿಯ ಮನೆಗೆ ರೈಲುಬಂಡಿಯಲ್ಲೇ ಹೋಗುತ್ತಿದ್ದೆ. ಅವತ್ತು ಹೊಳೆಯಲಿಲ್ಲ. ಬೆನ್ನು ತಟ್ಟಿಸಿಕೊಳ್ಳುವ ಆತುರದಲ್ಲಿ ಅರ್ಧ ತೆಲುಗು ಮರೆತುಹೋಗಿತ್ತು.

ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಸುಗ್ಗಿ ಬಂತು, ಸಿದ್ದಮ್ಮ ಬಂದಳು.

ಸಿದ್ದಮ್ಮನ ಊರು ಸುರಪುರದ ಆಚೆ. ಕಾಲುವೆಯ ಕೊನೆಯ ತೂಬಿನ ಕೆಳಗೆ ಎರಡೂವರೆ ಎಕರೆ ಹೊಲ, ಗಂಡ ಇಲ್ಲ. ಮೊದಲೆಲ್ಲ ಜೋಳ ಬಿತ್ತುತ್ತಿದ್ದವಳು, ಭತ್ತ ಹಾಕಿ ಎರಡನೇ ವರ್ಷ. ಕೊಯ್ಲಿಗೆ ಆಳು ಸಿಗುತ್ತಿರಲಿಲ್ಲ. ಭತ್ತ ಕೊಯ್ಯುವ ದೊಡ್ಡ ಮಷೀನುಗಳು ಗಡಿಯಾಚೆಯಿಂದಲೇ ಬರಬೇಕು. ಹಿಂದಿನ ವರ್ಷ ಅವಳಿಗೆಂದು ಹೊರಟ ಮಷೀನನ್ನು ದಾರಿಯಲ್ಲಿ ಬೇರೆಯವರು ತಿರುಗಿಸಿಕೊಂಡು ಹೋಗಿದ್ದರು. ಈ ಸಲ ಅವಳು ಹಿಂದಿನ ದಿನವೇ ಬಸ್ಸು ಹಿಡಿದು ಗಡಿ ದಾಟಿ ಡ್ರೈವರನ ಮನೆಗೆ ಹೋಗಿ, ಬೆಳಿಗ್ಗೆ ಮಷೀನಿನ ಜೊತೆಗೇ ಹೊರಟಿದ್ದಳು. ಜೊತೆಗೆ ಅಂದರೆ ಮೇಲೆ. ಅಷ್ಟು ಎತ್ತರದ ಮಷೀನಿನ ನೆತ್ತಿಯ ಮೇಲೆ ಸೆರಗು ಹೊದ್ದು, ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು, ಆನೆಯ ಮೇಲೆ ಕೂತ ಹಾಗೆ ಕೂತಿದ್ದಳು.

ರೆಡ್ಡಿಗಾರು ತಮ್ಮ ಪದ್ಧತಿಯಂತೆ "ಬಂಡಿ, ಒಂದು" ಎಂದು ಚೀಟಿ ಬರೆದು ಠಸ್ಸೆ ಒತ್ತಿ ಬಿಟ್ಟಿದ್ದರು. ಮಷೀನು ನಲವತ್ತು ಹೆಜ್ಜೆ ದಾಟಿ ನಮ್ಮ ಅಡ್ಡಗಂಬದ ಮುಂದೆ ಬಂದು ನಿಂತಿತು. ನಂಜುಂಡಯ್ಯನವರು ಚೀಟಿ ನೋಡಿದರು. ಮಷೀನು ನೋಡಿದರು. ಮತ್ತೆ ಚೀಟಿ ನೋಡಿದರು.

"ಏನಿದು?"

ಡ್ರೈವರ್ ನರಸಿಂಹುಲು ಕೆಳಗಿಳಿದು ಕೈ ಮುಗಿದ. "ಬಂಡಿ ಸಾರ್."

"ಬಂಡಿ ಅಂದ ಮೇಲೆ ಎತ್ತು ಎಲ್ಲಿ?"

ನರಸಿಂಹುಲುಗೆ ಗಾಬರಿ. ಗಾಬರಿಯಾದಾಗ ಅವನ ಕನ್ನಡ ಓಡಿಹೋಗುತ್ತಿತ್ತು. ತೆಲುಗಿನಲ್ಲಿ ಎತ್ತಿಗೆ ಎದ್ದು ಅನ್ನುತ್ತಾರೆ. "ಎದ್ದು ಎಂದುಕು ಸಾರ್?" ಅಂದ. ಎತ್ತು ಯಾಕೆ ಅಂತ.

"ಎದ್ದೇ ನಿಂತಿದ್ದೀನಲ್ಲಪ್ಪ. ಇನ್ನೆಷ್ಟು ಏಳಬೇಕು?" ಅಂದರು ನಂಜುಂಡಯ್ಯನವರು.

ನಾನು ನಡುವೆ ಹೋದೆ. ಅರ್ಥ ಹೇಳಿದೆ. ಆ ಶಬ್ದ ಯಾರದು, ಅದು ಯಾವ ಬಾಗಿಲು ತೆರೆದು ಯಾವ ಬಾಗಿಲು ಮುಚ್ಚಿದೆ, ಎಲ್ಲ ಒಮ್ಮೆಗೇ ಹೊಳೆಯಿತು.

ಮೇಲಿನಿಂದ ಸಿದ್ದಮ್ಮ ಕೂಗಿದಳು. ಕೈಯಲ್ಲಿ ಪೆನ್ನು ಇದ್ದವರೆಲ್ಲ ಅವಳಿಗೆ ಮಾಸ್ತರರು. "ಮಾಸ್ತರ, ಏನಾತ್ರಿ? ಯಾಕ ನಿಂದರ್ಸೀರಿ?"

"ಬಂಡಿ ಅಂತ ಬರದಾರವ್ವ. ಎತ್ತಿಲ್ಲ, ಅದಕ್ಕ."

"ಎತ್ತು? ಎತ್ತು ಇದ್ದಿದ್ರ ಮಷೀನ್ ಯಾಕ ತರ್ತಿದ್ನಿ? ಭತ್ತ ಉದುರಾಕತ್ತದ್ರಿ ನಂದು! ಮುಗಲ ನೋಡ್ರಿ ಒಂದ್ಸಲ, ಹ್ಯಾಂಗ ಕಪ್ಪಾಗ್ಯಾದ. ಮಳಿ ಬಿತ್ತಂದ್ರ ಎರಡೂವರಿ ಎಕರೆ ನೆಲಕ್ಕ ಮಕ್ಕೋತದ. ಯಾರ್ರಿ ಅದನ್ನ ಬರದವ್ರು? ಕರೀರಿ ಇಲ್ಲಿ!"

ಬರೆದವನು ಅವಳ ಕಾಲ ಕೆಳಗೇ ನಿಂತಿದ್ದ.

ನಂಜುಂಡಯ್ಯನವರಿಗೆ ಕರುಣೆ ಇರಲಿಲ್ಲ ಅಂದುಕೊಳ್ಳಬೇಡ. ಅವರ ಮುಖ ಸಣ್ಣದಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದರು. "ಶರಣಪ್ಪನವರೇ, ಪದ ತಪ್ಪಾಗಿದೆ ಅಂತ ನೀವು ಬರೆದುಕೊಟ್ಟರೆ ನಾನು ಒಪ್ಪಂದವನ್ನೇ ತಡೆಹಿಡಿದು ಮೇಲಕ್ಕೆ ಕಳಿಸ್ತೀನಿ. ಮುಂದಿನ ಸಭೆಯಲ್ಲಿ ಸರಿಮಾಡೋಣ."

"ಮುಂದಿನ ಸಭೆ ಯಾವಾಗ ಸರ್?"

"ಸಂಕ್ರಾಂತಿ ಕಳೆದ ಮೇಲೆ."

"ಅಲ್ಲಿವರೆಗೆ ಮಷೀನು?"

"ಒಪ್ಪಂದ ಇಲ್ಲದೆ ಹೋದರೆ ಪರವಾನಗಿ ಬೇಕಾಗುತ್ತೆ. ಅದಕ್ಕೆ ಡ್ರೈವರ್ ಅವರು ತಮ್ಮ ಕಡೆಯ ಕಚೇರಿಯಲ್ಲಿ ಅರ್ಜಿ ಕೊಡಬೇಕು." ಮಷೀನು ಹಿಂದಕ್ಕೂ ಹೋಗುವ ಹಾಗಿರಲಿಲ್ಲ. ರೆಡ್ಡಿಗಾರು ಅದನ್ನು ತಮ್ಮ ರಾಜ್ಯದಿಂದ ಹೊರಗೆ ಹೋಯಿತೆಂದು ಬರೆದುಬಿಟ್ಟಿದ್ದರು. ಹಿಂದಕ್ಕೆ ಹೋಗಲು ಅದು ಮೊದಲು ಇಲ್ಲಿಗೆ ಬಂದಿರಬೇಕಿತ್ತು. ಎರಡು ರಾಜ್ಯಗಳ ಲೆಕ್ಕದಲ್ಲಿ ಆ ಮಷೀನು, ಅದರ ಮೇಲೆ ಕೂತ ಸಿದ್ದಮ್ಮ, ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ನಾನು ಕೇಳಿದೆ: "ಸರ್, ಎತ್ತು ಇದ್ದರೆ ಇದು ಬಂಡಿಯೇ?"

"ಇದ್ದರೆ ಬಂಡಿಯೇ."

"ಎಷ್ಟು ಎತ್ತು?"

"ಎರಡು. ಒಂಟೆತ್ತಿನದಕ್ಕೆ ಬೇರೆ ವ್ಯಾಖ್ಯೆ ಬೇಕಾಗುತ್ತೆ."

"ಎಳೆಯಲೇಬೇಕೇ?"

ಒಪ್ಪಂದದ ಹಾಳೆ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದರು. ಅವರ ಮುಖದಲ್ಲಿ ಮೆಲ್ಲಗೆ ಒಂದು ಬೆಳಕು ಬಂತು. "ಎಳೆಯಬೇಕು ಅಂತ ಎಲ್ಲೂ ಬರೆದಿಲ್ಲ ಶರಣಪ್ಪನವರೇ. ಕಟ್ಟಿದ್ದರೆ ಸಾಕು."

ಮಾನಪ್ಪನ ಹತ್ತಿರ ನೀರು, ಕಟ್ಟಿಗೆ ತರುವ ಬಂಡಿ ಇತ್ತು. ಎತ್ತು ಕೇಳಲು ಹೋದೆ. ಅವನು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದ. "ಬುದ್ಧಿ ನೆಟ್ಟಗ ಅದಾವೇನ್ರಿ ಶರಣಪ್ಪಣ್ಣ? ನನ್ ಎತ್ತು ಆ ರಾಕ್ಷಸನ್ನ ಎಳೀತಾವ?"

"ಎಳಿಯೂದಿಲ್ಲೋ, ಬರೇ ಮುಂದ ನಡೀತಾವ."

"ಮತ್ತ ಎಳಿಯವ್ರು ಯಾರು?"

"ಅದಕ್ಕ ಇಂಜಿನ್ ಅದ."

"ಇಂಜಿನ್ ಇದ್ದ ಮ್ಯಾಲ ಎತ್ತು ಯಾಕ?"

"ಬಂಡಿ ಅಂತ ಬರದೈತಿ, ಅದಕ್ಕ."

"ಯಾಂವ ಬರದಾನ ಅವನ್ನ ಕಟ್ರಿ ಮುಂದ!"

ಸಿದ್ದಮ್ಮ ಅಷ್ಟು ಹೊತ್ತಿಗೆ ಕೆಳಗಿಳಿದು ಬಂದಿದ್ದಳು. "ತಮ್ಮಾ, ನಿನ್ ಎತ್ತಿಗೆ ಏನೂ ಆಗೂದಿಲ್ಲ. ತಿಂಥಣಿ ಮೋನಪ್ಪನ ಆಣಿ. ಮದಿವಿ ಮೆರವಣಿಗಿ ಇದ್ದಂಗ, ಮುಂದ ಅವು, ಹಿಂದ ಮದಿಮಗ. ಕೊಡು."

ಮಾನಪ್ಪ ಕೊಟ್ಟ. ಒಂದು ಬಿಳಿಯ ಎತ್ತು, ಒಂದು ಮುದಿ ಕಂದು ಎತ್ತು. ನೊಗ ಹೂಡಿ, ಹಗ್ಗವನ್ನು ಮಷೀನಿನ ಮುಂದಿನ ಕೊಂಡಿಗೆ ಕಟ್ಟಿದೆವು. ನಂಜುಂಡಯ್ಯನವರು ಗಂಟನ್ನು ಎಳೆದು ನೋಡಿ ತೃಪ್ತಿಪಟ್ಟರು. ಸಿದ್ದಮ್ಮ ಮತ್ತೆ ಮೇಲೇರಿ ಕೂತಳು, ನರಸಿಂಹುಲು ಇಂಜಿನ್ ಚಾಲೂ ಮಾಡಿದ. ಕಂದು ಎತ್ತು ಕತ್ತು ತಿರುಗಿಸಿ ಹಿಂದೆ ನೋಡಿತು. ತಾನು ಜೀವಮಾನದಲ್ಲಿ ಎಳೆದದ್ದೆಲ್ಲ ನೆನಪಾಯಿತೋ ಏನೋ, ಮೆತ್ತಗೆ ಕೂತುಬಿಟ್ಟಿತು.

"ಏಳ್ಸ್ರಿ ಏಳ್ಸ್ರಿ!" ಮಾನಪ್ಪ ಬಾಲ ತಿರುವಿದ. "ಶರಣಪ್ಪಣ್ಣ, ಕಣಕಿ ಹಿಡ್ಕೊಂಡು ಮುಂದ ಓಡ್ರಿ! ತೋರ್ಸ್ರಿ, ತಿನ್ನಾಕ ಕೊಡಬ್ಯಾಡ್ರಿ!"

ನಾನು ಒಂದು ಹಿಡಿ ಕಣಕಿ, ಅಂದರೆ ಜೋಳದ ಒಣ ದಂಟು, ಹಿಡಿದುಕೊಂಡು ಎತ್ತಿನ ಮುಂದೆ ಹಿಮ್ಮುಖವಾಗಿ ಓಡಿದೆ. ಎತ್ತುಗಳು ಕಣಕಿಯ ಆಸೆಗೆ ನನ್ನ ಹಿಂದೆ, ಮಷೀನು ಎತ್ತುಗಳ ಹಿಂದೆ. ನರಸಿಂಹುಲು ಅಭ್ಯಾಸಬಲದಿಂದ ಒಂದು ಹಾರ್ನ್ ಹೊಡೆದ.

"ಹಾರ್ನ್ ಬೇಡ!" ನಂಜುಂಡಯ್ಯನವರು ಪಕ್ಕದಲ್ಲೇ ಓಡುತ್ತ ಕೂಗಿದರು. "ಬಂಡಿಗೆ ಹಾರ್ನ್ ಇರೋದಿಲ್ಲ!"

"ಮತ್ತೆ ಏಮನ್ನಲಿ ಸಾರ್?"

"ಹೋಯ್ ಅನ್ನಿ!"

ನರಸಿಂಹುಲು ಸ್ಟೇರಿಂಗ್ ಹಿಡಿದುಕೊಂಡು "ಹೋಯ್... ಹೋಯ್..." ಅನ್ನುತ್ತ, ಮೇಲೆ ಸಿದ್ದಮ್ಮ "ಹ್ಹಾ ಹ್ಹಾ ಬಾ ಬಾ" ಅನ್ನುತ್ತ, ಬಂಡಿ ಕರ್ನಾಟಕಕ್ಕೆ ಬಂತು. ಅಡ್ಡಗಂಬ ಮೇಲೇಳುವ ಹೊತ್ತಿಗೆ ಆಕಾಶದಲ್ಲಿ ಮಿಂಚು ಹೊಡೆಯಿತು.

ತಿದ್ದುಪಡಿ: ಮಿಂಚು ಹೊಡೆಯಲಿಲ್ಲ. ಅದನ್ನು ನಾನು ನಿವೃತ್ತಿಯ ಸಮಾರಂಭದ ಭಾಷಣಕ್ಕೆ ಸೇರಿಸಿದ್ದು, ಚಪ್ಪಾಳೆ ಬಿತ್ತು, ಅಲ್ಲಿಂದ ಅದು ಹೋಗಲೇ ಇಲ್ಲ. ಎತ್ತುಗಳ ವಿಷಯದಲ್ಲೂ ತಕರಾರಿದೆ. ಹೋದ ವರ್ಷ ಮಾನಪ್ಪ ಸಿಕ್ಕಿದ್ದ. ಅವನ ಪ್ರಕಾರ ಅವತ್ತು ಇದ್ದದ್ದು ಒಂದು ಎತ್ತು, ಒಂದು ಕೋಣ. "ಕಂದು ಅಲ್ರಿ, ಅದು ಕರೇದು. ಕ್ವಾಣ." ಹಾಗಾದರೆ ನಂಜುಂಡಯ್ಯನವರ ಮಾತಿನಂತೆ ಅದು ಬಂಡಿಯೇ ಅಲ್ಲ, ಇಡೀ ಪ್ರವೇಶ ಅಕ್ರಮ. ಇಷ್ಟು ವರ್ಷಗಳ ಮೇಲೆ ಅದನ್ನು ಕೆದಕುವುದು ಬೇಡ.

ಇನ್ನೊಂದು ತಿದ್ದುಪಡಿ, ಇದು ನಗುವಂಥದ್ದಲ್ಲ. ಇದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು ಎಂದೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ಮಷೀನು ಬಂದದ್ದು ಬೆಳಗಿನ ಚಹಾದ ಹೊತ್ತಿಗೆ. ಅದು ಹೊರಟಾಗ ನಾವೆಲ್ಲ ಊಟ ಮಾಡಿಯಾಗಿತ್ತು. ಸಿದ್ದಮ್ಮ ಮಾಡಿರಲಿಲ್ಲ. ಬುತ್ತಿಗಂಟು ಬಿಚ್ಚದೆ ಹಾಗೇ ತೊಡೆಯ ಮೇಲಿತ್ತು.

ಹಗ್ಗ ಬಿಚ್ಚಿದೆವು. ನಂಜುಂಡಯ್ಯನವರು ಪುಸ್ತಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಬಂಡಿ ಒಂದು, ಎತ್ತು ಎರಡು, ಇಂಜಿನ್ ಇದೆ. ಮಷೀನು ದೂಳೆಬ್ಬಿಸಿಕೊಂಡು ಗುರುಮಠಕಲ್ ಕಡೆ ಹೊರಟಿತು. ಮೇಲಿನಿಂದ ಸಿದ್ದಮ್ಮ ತಿರುಗಿ ಕೂಗಿದಳು: "ಮಾಸ್ತರ, ಆ ಕಣಕಿ ಇನ್ನರೆ ಎತ್ತಿಗೆ ಹಾಕ್ರಿ! ಹಿಡ್ಕೊಂಡೇ ನಿಂತೀರಿ!"

ಐದಾರು ದಿನಗಳ ಮೇಲೆ ಅವಳು ಯಾದಗಿರಿಯ ಕಚೇರಿಗೆ ಬಂದಳು. ಸಂತೆಗೆ ಚೀಲ ತರಲು ಬಂದವಳು, ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಕೊಯ್ದಾತೇನವ್ವ?"

"ಕೊಯ್ದಾತ್ರಿ. ಅವತ್ತ ಸಂಜೀಕ ಊರು ಮುಟ್ಟಬೇಕಿತ್ತು. ಕತ್ತಲಾತು, ಶಹಾಪುರದಾಗ ನಿಂತ್ವಿ. ಮರುದಿನ ಕೊಯ್ಯಾಕ ಹತ್ತಿದ ಮ್ಯಾಲ ಮಳಿ ಬಂತು. ಎರಡು ಎಕರೆ ಮನಿಗೆ ಬಂತು. ದಂಡಿ ಕಡೀದು ಅರ್ಧ ಎಕರೆ ಮಕ್ಕೊಂಡ್ತು. ಅದ್ರಾಗ ಈಗ ನಮ್ಮ ಮೈದುನನ ಕುರಿ ಮೇಯಾಕತ್ತಾವ."

ಅರ್ಧ ಎಕರೆ. ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಸುಮ್ಮನೆ ಸರಿಮಾಡಿದೆ. ಆಮೇಲೆ ಹೇಳಿದೆ: "ಸಿದ್ದಮ್ಮ, ಆ ಬಂಡಿ ಅನ್ನೂ ಶಬ್ದ ಬರದಂವ ನಾನು."

"ಗೊತ್ತದ."

"ಯಾರು ಹೇಳಿದ್ರು?"

"ಯಾರು ಯಾಕ ಹೇಳಬೇಕು? ಬ್ಯಾರೆ ಯಾರರೆ ಬರದಿದ್ರ ನೀವ್ಯಾಕ ಎತ್ತಿನ ಮುಂದ ಹಂಗ ಓಡ್ತಿದ್ರಿ?"

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಆದದ್ದು ಆತು. ಮುಂದಿನ ಸಲ ಎತ್ತು ಗಿತ್ತು ಬ್ಯಾಡ್ರಿ. ನೆಟ್ಟಗ ಬರೀರಿ" ಅಂದಳು.

"ಏನಂತ ಬರೀಲಿ ನೀನ ಹೇಳು."

"ನನಗೇನ್ ಓದಾಕ ಬರ್ತದ? ಓದಾಕ ಬಂದವ್ರ ಜಗಳಾಡ್ತೀರಿ. ನಾ ಅದನ್ನ ಕಣ್ಣಿಲೆ ನೋಡಿದ್ನಂದ್ರ ಇದು ಇದೇ ಅಂತ ಹೇಳ್ತೀನಿ. ಅವ ನರಸಿಂಹುಲೂನ ಹೆಂಡ್ತೀನೂ ಹೇಳ್ತಾಳ. ಅಕಿಗೆ ಕನ್ನಡ ಬರೂದಿಲ್ಲ, ನನಗ ತೆಲುಗು ಬರೂದಿಲ್ಲ. ನಾವಿಬ್ರು ಜಗಳ ಆಡ್ಲಿಲ್ಲ ನೋಡ್ರಿ."

ಸಂಕ್ರಾಂತಿ ಕಳೆದು ಸಭೆ ಸೇರಿತು. ನಾನು ಮೊದಲು ತಪ್ಪು ಒಪ್ಪಿಕೊಂಡೆ. ರೆಡ್ಡಿಗಾರು ಅರ್ಥವಾಗುವ ಮೊದಲೇ ಕ್ಷಮಿಸಿದರು. ಹೊಸ ಶಬ್ದ ಹುಡುಕಿದೆವು. "ಮಷೀನು" ಅಂದೆ. ರೆಡ್ಡಿಗಾರು ಹುಬ್ಬೇರಿಸಿ, ತಮ್ಮ ಕಡೆ ಬರೀ ಮಷೀನು ಅಂದರೆ ಬಟ್ಟೆ ಹೊಲಿಯುವುದು, ನಾಳೆಯಿಂದ ದರ್ಜಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ ಅಂದರು. "ಯಂತ್ರ" ಅಂದೆ. ಯಂತ್ರ ಅಂದರೆ ತಾಯಿತವೂ ಹೌದಲ್ಲ ಎಂದು ನಂಜುಂಡಯ್ಯನವರು ಚಿಂತಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೋತು ಕೂತರು. ಆಗ ನಾನು, ಶಬ್ದವೇ ಬೇಡ ಸರ್, ಚಿತ್ರ ಹಾಕೋಣ ಅಂದೆ. ಈ ಚಿತ್ರದಲ್ಲಿರುವಂಥದ್ದು ಪರವಾನಗಿ ಇಲ್ಲದೆ ದಾಟಬಹುದು ಎಂದು ಎರಡೂ ಭಾಷೆಯಲ್ಲಿ ಒಂದೊಂದು ಸಾಲು ಬರೆದರೆ ಮುಗಿಯಿತು.

ಒಪ್ಪಿದರು. ಬರೆಯಬಲ್ಲವರು ಬೇರೆ ಯಾರೂ ಇರಲಿಲ್ಲ, ನಾನೇ ಬರೆದೆ. ನಾಲ್ಕು ದೊಡ್ಡ ಚಕ್ರ, ಮೇಲೆ ಭತ್ತ ತುಂಬುವ ಡಬ್ಬಿ, ಬಿಚ್ಚಿ ಹಿಂದೆ ಕಟ್ಟಿದ ಕೊಯ್ಯುವ ಹಲ್ಲುಗಳು, ದೊಡ್ಡ ಬಾಚಣಿಗೆಯ ಹಾಗೆ. ನನಗೆ ಕಣ್ಣು ಮುಚ್ಚಿದರೆ ಕಾಣುವ ಮಷೀನು ಒಂದೇ, ಅದನ್ನು ಕಂಡ ಹಾಗೇ ಬರೆದೆ. ರೆಡ್ಡಿಗಾರು ನೋಡುವ ಮೊದಲೇ ಠಸ್ಸೆ ಒತ್ತಿದರು. ನಂಜುಂಡಯ್ಯನವರು ಚಕ್ರಗಳನ್ನು ಎಣಿಸಿ ಸಹಿ ಹಾಕಿದರು. ಪ್ರತಿಗಳು ಎರಡೂ ನಾಕಾಗಳ ಗೋಡೆಗೆ ಹತ್ತಿದವು.

ಮುಂದಿನ ಸುಗ್ಗಿಯ ಮೊದಲ ಮಷೀನು ಬಂದಾಗ ನಾನು ಒಳಗೆ ಕೂತಿದ್ದೆ. ಹೊರಗೆ ನಂಜುಂಡಯ್ಯನವರ ದನಿ ಕೇಳಿತು: "ತಾಳೆ ಆಗ್ತಿಲ್ಲವಲ್ಲಪ್ಪ. ಚಿತ್ರದಲ್ಲಿ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ಅವರೆಲ್ಲಿ?"

ಓಡಿಹೋಗಿ ಗೋಡೆ ನೋಡಿದೆ. ಕೂತಿದ್ದಳು. ಸೆರಗು ಹೊದ್ದು, ತೊಡೆಯ ಮೇಲೆ ಗಂಟು ಇಟ್ಟುಕೊಂಡು, ಮಷೀನಿನ ನೆತ್ತಿಯ ಮೇಲೆ ಅಲ್ಲಾಡದೆ ಕೂತಿದ್ದಳು. ನಾನೇ ಬರೆದದ್ದು, ನನಗೇ ಗೊತ್ತಿರಲಿಲ್ಲ.

ಆ ದಿನ ಬಂದ ಮಷೀನುಗಳ ಡ್ರೈವರುಗಳು ಹೆಂಗಸರನ್ನು ಹುಡುಕಿಕೊಂಡು ಅತ್ತಿಂದಿತ್ತ ಓಡಾಡಿದರು. ಕೊನೆಗೆ ಮಾನಪ್ಪನ ಮುದಿ ತಾಯಿ ಏಣಿ ಹಾಕಿಸಿಕೊಂಡು ಹತ್ತಿದಳು. ನಲವತ್ತು ಹೆಜ್ಜೆ ಬರುವುದು, ಇಳಿಯುವುದು, ಮತ್ತೊಂದಕ್ಕೆ ಹತ್ತುವುದು. "ಇಲ್ಲಿಂದ ಭಾಳ ದೂರ ಕಾಣಸ್ತದೋ ಮಾನ್ಯಾ, ನಮ್ಮನಿ ಮ್ಯಾಲಿನ ತಗಡು ತೂತು ಬಿದ್ದದ ನೋಡು!" ಎಂದು ಮೇಲಿನಿಂದ ಕೂಗುತ್ತಿದ್ದಳು. ನಾನು ನಂಜುಂಡಯ್ಯನವರಿಗೆ, ಆ ಹೆಂಗಸು ವಾಹನದ ಭಾಗ ಅಲ್ಲ ಸರ್, ನನ್ನ ಕೈತಪ್ಪು ಎಂದು ಬಿಡಿಸಿ ಹೇಳಿದೆ. "ಸಹಿ ಆಗಿದೆಯಲ್ಲ ಶರಣಪ್ಪನವರೇ" ಅಂದರು.

ಮರುದಿನ ಬೆಳಿಗ್ಗೆ ನರಸಿಂಹುಲುವಿನ ಮಷೀನು ಬಂತು. ನಂಜುಂಡಯ್ಯನವರು ಗೋಡೆಯ ಚಿತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹೊರಗೆ ಬಂದರು. ಮೇಲೆ ನೋಡಿದರು, ಚಿತ್ರ ನೋಡಿದರು. ಸೆರಗು ಇತ್ತು. ಗಂಟು ಇತ್ತು. ಕೂತ ಭಂಗಿಯೂ ಅದೇ. ಅಂಥ ಸಂತೋಷವನ್ನು ನಾನು ಆ ಮನುಷ್ಯನ ಮುಖದಲ್ಲಿ ಮತ್ತೆ ನೋಡಲಿಲ್ಲ. ಕಾವಲುಗಾರನನ್ನು ಸರಿಸಿ ತಾವೇ ಅಡ್ಡಗಂಬ ಎತ್ತಿದರು. ಇಂಜಿನ್ ನಿಲ್ಲಿಸುವಷ್ಟೂ ಹೊತ್ತಾಗಲಿಲ್ಲ.

"ಏನ್ರಿ ಮಾಸ್ತರ ಅದು ಕಾಗದ?" ಎಂದು ಸಿದ್ದಮ್ಮ ಮೇಲಿನಿಂದ ಕೇಳಿದಳು. ನಾನು ತೆಗೆದುಕೊಂಡು ಎತ್ತಿ ಹಿಡಿದೆ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದು ಸಾಲೂ ಓದಲು ಬಾರದವಳು ಎರಡು ರಾಜ್ಯಗಳ ಒಪ್ಪಂದವನ್ನು ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿದಳು.

"ಮೂಗು ದೊಡ್ಡದಾಗ್ಯಾದ" ಅಂದಳು. "ನಡಿಯೋ ನರಸಿಂಹುಲು, ಬಿಸಿಲು ಇರೂತನ ಊರು ಮುಟ್ಟಬೇಕು."